ಅಪ್ಪನ ಬೆರಳಿಗೆ ಕೇಳುತ್ತಿದ್ದ ತಂತಿ

ಮೊನ್ನೆ ಟೊರಾಂಟೊ ಹತ್ತಿರದ ಬೋಲ್ಟನ್ನಿನಲ್ಲಿ, ಮಗ ಕೆಲಸ ಮಾಡುವ ವೇರ್‌ಹೌಸಿನ ಹಿಂದೆ ಕಾರಿನಿಂದ ಇಳಿದಾಗ ಗಾಳಿ ಜೋರಾಗಿ ಬೀಸುತ್ತಿತ್ತು. ರಸ್ತೆಯಂಚಿನ ಕಂಬದ ಮೇಲೆ ತಂತಿಗಳು ಗುಂಯ್ ಎನ್ನುತ್ತಿದ್ದವು. ಎಪ್ಪತ್ತೊಂಬತ್ತರ ಮುದುಕಿ ನಾನು, ಕೋಟು ಟೋಪಿಯ ಸಮೇತ ಹೋಗಿ ಕಂಬಕ್ಕೆ ಕಿವಿಯಿಟ್ಟು ನಿಂತುಬಿಟ್ಟೆ. “ಅಜ್ಜೀ, ಪ್ಲೀಸ್! ಪೀಪಲ್ ಆರ್ ವಾಚಿಂಗ್!” ಎಂದ ಮೊಮ್ಮಗ. ಮಗ ಕಾರಿನ ಗಾಜು ಇಳಿಸಿ, “ಅವ್ವಾ, ವಿಂಡ್‌ಚಿಲ್ ಮೈನಸ್ ಹದಿನೈದು ಅದ. ಸುಮ್ನ ಬಂದು ಕಾರಿನ್ಯಾಗ ಕೂಡ್ರು,” ಎಂದು ಗದರಿದ. ನೋಡುವವರು ನೋಡಲಿ ಎಂದುಕೊಂಡೆ. ಆ ಸದ್ದು ಕೇಳಿ ಎಪ್ಪತ್ತು ವರ್ಷವಾಗಿತ್ತು. ನನಗೆ ಅಳು ಬಂತು, ಚಳಿಗೆ ಕಣ್ಣೀರು ಬಂತೆಂದು ಅವರು ತಿಳಿದರು.

ನಾನು ಹುಟ್ಟಿದ್ದು ಧಾರವಾಡದಲ್ಲಿ, ಕಣ್ಣು ಬಿಟ್ಟಿದ್ದು ಮಾತ್ರ ಕೀನ್ಯಾದ ಉತ್ತರದ ಬರಡು ಸೀಮೆಯಲ್ಲಿ. ಆಗಿನ್ನೂ ಅಲ್ಲಿ ಬ್ರಿಟಿಷರ ರಾಜ್ಯ. ಅಪ್ಪ ಅಲ್ಲಿಯ ತಾರು ಆಫೀಸಿನ ಸಿಗ್ನಲರ್, ತಂತಿಯ ಮೇಲೆ ಬಂದ ಸುದ್ದಿ ಬರೆದುಕೊಂಡು ಮುಂದಕ್ಕೆ ಬಡಿದು ಕಳಿಸುವವ. ತಗಡಿನ ಮಾಡಿನ ಕಲ್ಲು ಕಟ್ಟಡದ ಮುಂದಿನ ಕೋಣೆ ಆಫೀಸು, ಹಿಂದಿನ ಎರಡು ಕೋಣೆ ನಮ್ಮ ಮನೆ. ಬೆಳಿಗ್ಗೆ ತಗಡು ಕಾಯುವ ಹೊತ್ತಿಗೆ ಮನೆಯೆಲ್ಲ ಬ್ಯಾಟರಿ ಜಾಡಿಗಳ ನವಸಾಗರದ ಘಾಟು, ಅದರ ಮೇಲೆ ಅವ್ವ ತಟ್ಟುವ ರೊಟ್ಟಿಯ ಸುಟ್ಟ ವಾಸನೆ. ಅಲ್ಲಿಯ ಜನರೂ ಜೋಳ ಬೆಳೆಯುತ್ತಿದ್ದರು. ನಮ್ಮೂರ ಜೋಳದ ಅಕ್ಕನೋ ತಂಗಿಯೋ ಆಗಬೇಕು ಎಂದು ಅವ್ವ ಹಿಟ್ಟು ನಾದುತ್ತ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಗೆದ್ದಲಿಗೆ ಹೆದರಿ ಕಬ್ಬಿಣದ ಕಂಬ ನೆಟ್ಟಿದ್ದರು. ಆದರೆ ಆನೆ ಮೈ ತಿಕ್ಕಿದರೆ ಕಬ್ಬಿಣವೂ ಬಾಗುತ್ತದೆ, ಜಿರಾಫೆ ಕತ್ತೆತ್ತಿ ನಡೆದರೆ ತಂತಿ ಹರಿಯುತ್ತದೆ. ಆಫೀಸಿನಲ್ಲಿ ತಾರಿನ ಸದ್ದು ನಿಂತಿತೆಂದರೆ ಲೈನ್‌ಮನ್ ಅಬ್ದಿ ಒಂಟೆಯ ಮೇಲೆ ತಂತಿಯ ಸುರುಳಿ ಹೇರಿಕೊಂಡು ಹೊರಡುತ್ತಿದ್ದ. ಅವನು ತಿರುಗಿ ಬರುವವರೆಗೆ ನಾವು ಲೋಕಕ್ಕೆ ಇಲ್ಲ, ಲೋಕ ನಮಗಿಲ್ಲ.

ಅಪ್ಪನ ಕಿವಿ ಮಂದವಾಗಿತ್ತು. ಮಲೇರಿಯಾಕ್ಕೆಂದು ನುಂಗಿದ ಕ್ವಿನೈನೇ ಕಿವಿ ತಿಂದಿತೆಂದು ಅವ್ವ ಕೊನೆಯತನಕ ಅದನ್ನು ಶಪಿಸಿದಳು. ಇದು ಮನೆಯ ಗುಟ್ಟು. ಅವ್ವ ಯಾವಾಗಲೂ ಅವನ ಎದುರು ಬಂದು ನಿಂತೇ ಮಾತಾಡುತ್ತಿದ್ದಳು. ತಾರಿನ ಕೆಲಸಕ್ಕೆ ಮಾತ್ರ ಇದರಿಂದ ಕುಂದಿರಲಿಲ್ಲ. ಸುದ್ದಿ ಬಂದಾಗ ಸೌಂಡರ್ ಯಂತ್ರದ ಹಿತ್ತಾಳೆಯ ಕಡ್ಡಿ ಕಟ್ ಕಡ ಎಂದು ಕುಣಿಯುತ್ತದಲ್ಲ, ಅಪ್ಪ ಎಡಗೈಯ ತೋರುಬೆರಳನ್ನು ಅದರ ಮೇಲಿಟ್ಟು ಬಲಗೈಯಿಂದ ಅಕ್ಷರ ಇಳಿಸುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಂದಕ್ಷರ ತಪ್ಪಿದ್ದಿಲ್ಲ. ಮುಂದಿನ ತಾರು ಠಾಣೆಯಲ್ಲಿದ್ದ ಸಿಗ್ನಲರ್ ಗೋವಾದವನು, ಅವನ ಮುಖವನ್ನು ಅಪ್ಪ ಕಂಡಿರಲಿಲ್ಲ. ಆದರೂ ಬಡಿತದ ಲಯದಿಂದಲೇ, “ಇವತ್ತ ಅವನ ಕೈ ಜಡ ಅದ, ಜ್ವರ ಬಂದಿರಬೇಕು,” ಎನ್ನುತ್ತಿದ್ದ, ಅದು ನಿಜವೂ ಆಗಿರುತ್ತಿತ್ತು. ಸಿಗ್ನಲರುಗಳಲ್ಲಿ ಒಬ್ಬರನ್ನೊಬ್ಬರು ಹೊಗಳುವ ಮಾತು ಒಂದೇ: ಕೈ ಛಲೋ ಅದ. ಮಧ್ಯಾಹ್ನ ಕೆಲಸವಿಲ್ಲದಾಗ ಅಪ್ಪ ನನ್ನ ಅಂಗೈಯಲ್ಲಿ ಬಡಿದು ಬಡಿದು ಆ ಭಾಷೆ ಕಲಿಸಿದ. ಇಂಗ್ಲಿಷ್ ಅಕ್ಷರ, ಧಾರವಾಡದ ಮಾತು.

ನನಗೆ ಒಂಬತ್ತು ತುಂಬಿದ ವರ್ಷ ಸಾಹೇಬನೊಬ್ಬ ಲಾರಿ ತುಂಬ ಪೆಟ್ಟಿಗೆ ಹೇರಿಕೊಂಡು ಬಂದ. ಇನ್ನು ತಂತಿ ಇಲ್ಲ, ಕಂಬ ಕಿತ್ತು ವೈರ್‌ಲೆಸ್ ಸ್ಟೇಷನ್ ಮಾಡುತ್ತಾರೆ ಎಂದು ತಿಳಿಯಿತು. ವೈರ್‌ಲೆಸ್ಸೆಂದರೆ ಎರಡೂ ಕಿವಿಗೆ ಹೆಡ್‌ಫೋನು, ಸಣ್ಣ ಶಿಳ್ಳೆಯ ಸದ್ದು. ಬೆರಳಿಡಲು ಅಲ್ಲಿ ಏನೂ ಇಲ್ಲ. ಅವ್ವ ಎರಡು ದಿನ ಊಟ ಬಿಟ್ಟಳು. ಆದರೆ ಸಾಹೇಬ ಕೆಟ್ಟವನಲ್ಲ. ರಿಜಿಸ್ಟರು ತಿರುವಿ ನೋಡಿ, ಇಷ್ಟು ಚೊಕ್ಕ ಕೆಲಸದವನಿಗೆ ಹೆಡ್‌ಫೋನಿನ ಪರೀಕ್ಷೆ ಯಾತಕ್ಕೆ, ನಿನ್ನನ್ನೇ ಇಲ್ಲಿ ಇಟ್ಟುಕೊಳ್ಳುತ್ತೇವೆ ಎಂದ. ಅಪ್ಪನಿಗೆ ಬಲಗಿವಿ ಇನ್ನೂ ಸ್ವಲ್ಪ ಕೇಳುತ್ತಿತ್ತು. “ದನಿ ಜೋರ್ ಇಟಗೊಂಡು ರೂಢಿ ಮಾಡಿಕೋತೀನಿ, ಆರು ತಿಂಗಳ ಟೈಮ್ ಸಿಕ್ಕರ ಸಾಕು,” ಎಂದು ಅವ್ವನಿಗೆ ಹೇಳಿದ್ದನ್ನು ನಾನೂ ಕೇಳಿದ್ದೆ. ಕೇಳಿದ್ದೆ, ಆದರೆ ಅದರ ಭಾರ ನನಗೆ ತಿಳಿದಿರಲಿಲ್ಲ.

ಆ ಸಂಜೆ ಆಫೀಸಿನಲ್ಲಿ ಅಪ್ಪ ನಮಗೆ ಬೆನ್ನು ಮಾಡಿ ಜಾಡಿ ಒರೆಸುತ್ತಿದ್ದ. ಸಾಹೇಬ ನನಗೊಂದು ಚಾಕಲೇಟು ಕೊಟ್ಟು, ನೀನೇನು ಕಲಿತಿದ್ದೀ ಎಂದು ಕೇಳಿದ. ಇಂಗ್ಲಿಷ್ ನನಗೆ ಅರ್ಧಂಬರ್ಧ, ಸ್ವಾಹಿಲಿ ಮಾತ್ರ ನೀರು ಕುಡಿದಷ್ಟು ಸುಲಭ. ಅವನಿಗೂ ಬರುತ್ತಿತ್ತು. ನನ್ನ ಜಂಭ ಕೇಳಬೇಕೆ! ನಮ್ಮಪ್ಪನಂಥವನು ಈ ಸೀಮೆಯಲ್ಲೇ ಇಲ್ಲ, ಅವನಿಗೆ ಕಿವಿ ಬೇಕಾಗಿಯೇ ಇಲ್ಲ, ಬೆರಳಿಂದಲೇ ಕೇಳುತ್ತಾನೆ ಎಂದುಬಿಟ್ಟೆ. ಸಾಹೇಬ ನನ್ನ ತಲೆ ಸವರಿದ. ಅಷ್ಟರಲ್ಲಿ ಅಪ್ಪ ಇತ್ತ ತಿರುಗಿದ. ಸಾಹೇಬನ ಕೈ ಮಗಳ ತಲೆಯ ಮೇಲಿರುವುದನ್ನು ಕಂಡು ಹೆಮ್ಮೆಯಿಂದ ನಕ್ಕ. ಮೂರು ಮಾರು ದೂರದಲ್ಲಿದ್ದರೂ ನಾನು ಹೇಳಿದ್ದು ಅವನಿಗೆ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಸಾಹೇಬ ಅಪ್ಪನ ಕಿವಿಗೆ ಹೆಡ್‌ಫೋನು ಹಾಕಿಸಿದ. ಅಪ್ಪ ಪೆನ್ಸಿಲು ಹಿಡಿದು ಬಹಳ ಹೊತ್ತು ಕೂತಿದ್ದ. ಕಾಗದ ಬಿಳಿಯಾಗಿಯೇ ಉಳಿಯಿತು. ತಿಂಗಳೊಳಗೆ ನಾವು ಲಾರಿ ಹತ್ತಿದೆವು. ದಾರಿಯುದ್ದಕ್ಕೂ ಅಬ್ದಿಯ ಆಳುಗಳು ತಂತಿ ಸುತ್ತುತ್ತಿದ್ದರು. ಅಬ್ದಿ ಕೈಯೆತ್ತಿದ. ಅವನ ಕೆಲಸವೂ ಅಷ್ಟಕ್ಕೇ ಮುಗಿದಿತ್ತು.

ಧಾರವಾಡದಲ್ಲಿ ಅಪ್ಪ ಕಾಕಾನ ಕಿರಾಣಿ ಅಂಗಡಿಯಲ್ಲಿ ಕೂತ. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: “ಮಗಳ ಸಾಲಿ ಸಲುವಾಗಿ ಬಂದೆ. ಅಲ್ಲೆ ಆನಿ, ಜಿರಾಫಿ ಬಿಟ್ರ ಆಕಿಗೆ ಕಲಿಸಾವ್ರು ಯಾರಿದ್ರು?” ಜನ ನಗುತ್ತಿದ್ದರು. ಹೇಳಿ ಹೇಳಿ ಅವನೇ ಅದನ್ನು ನಂಬಿದ. ನಾನು ಇಂಜಿನಿಯರಾದೆ, ಮದುವೆಯಾದೆ, ಟೊರಾಂಟೊಗೆ ಬಂದೆ. ನಾರ್ತ್ ಯಾರ್ಕಿನ ಹದಿನಾಲ್ಕನೆಯ ಮಹಡಿಯಿಂದ ಫೋನು ಮಾಡಿದರೆ ಅವ್ವನೇ ಮಾತಾಡಬೇಕಿತ್ತು. ಅಪ್ಪನಿಗೆ ಆ ಹೊತ್ತಿಗೆ ಗುಡುಗೂ ಕೇಳುತ್ತಿರಲಿಲ್ಲ.

ಕೊನೆಯ ಸಲ ಧಾರವಾಡಕ್ಕೆ ಹೋದಾಗ, ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ. ಹಿಂದಿರುಗುವ ಮುಂಚಿನ ದಿನ ಅವನ ಮಂಚದ ಪಕ್ಕ ಕೂತು ಅಂಗೈ ಬಿಡಿಸಿ ಬೆರಳಿನಿಂದ ಬಡಿಯತೊಡಗಿದೆ. ಅಪ್ಪಾ, ಅವತ್ತು ಸಾಹೇಬಗ ನಾನಽ... ಅವನ ಮುಖ ಅರಳಿತು. ಇಷ್ಟು ವರ್ಷಗಳ ಮೇಲೆ ಯಾರೋ ಅವನೊಂದಿಗೆ ಕೂಗದೆ ಮಾತಾಡುತ್ತಿದ್ದರು. ಅರ್ಥಕ್ಕಿಂತ ಮೊದಲು ಅವನು ಕೈಯನ್ನು ನೋಡಿದ. “ಭಾಳ ಛಲೋ ಅದ ನೋಡವಾ ನಿನ್ನ ಕೈ,” ಎಂದು ಮನೆಯೆಲ್ಲ ಕೇಳುವಂತೆ ಹೇಳಿದ. “ನಿನ್ನ ಸಾಲಿ ಸಲುವಾಗಿ ಬಂದದ್ದು ಸುಳ್ಳಾಗಲಿಲ್ಲ. ಹ್ಞಾಂ, ಮುಂದ ಹೇಳು. ಸಾಹೇಬಗ ಏನು?”

ಅಂಗೈ ಚಾಚಿಕೊಂಡೇ ಇದ್ದ. ನಾನು ಬಡಿದೆ: ಗುಳಿಗಿ ತಗೊಂಡ್ಯಾ?

ತಗೊಂಡೆ, ಎಂದು ನನ್ನ ಅಂಗೈಯಲ್ಲಿ ಬಡಿದ. ಎರಡು ತಿಂಗಳಿಗೆ ಹೋಗಿಬಿಟ್ಟ.