ಕನ್ನಡಿಯೊಳಗಿನ ಇನ್ನರ್ಧ

ನನ್ನ ಗೆಳೆಯನಿಗೆ ಒಂದು ಕನ್ನಡಿ ಅಂಗಡಿಯಿತ್ತು, ಜೊತೆಗೆ ಸಕ್ಕರೆ ಕಾಯಿಲೆ ಮತ್ತು ಬಿಪಿ; ಮೂರನ್ನೂ ಒಂದೇ ಅಕ್ಕರೆಯಿಂದ ನಡೆಸಿಕೊಂಡು ಹೋಗುತ್ತಿದ್ದ. ಒಳಗೆ ಕಾಲಿಟ್ಟರೆ ನಾಲ್ಕೂ ಕಡೆಯಿಂದ ಅವನೇ "ಬಾರೋ" ಎನ್ನುತ್ತಿದ್ದ. ಗೋಡೆಗೊರಗಿಸಿದ ಕನ್ನಡಿಗಳಲ್ಲಿ ಬೀದಿಯ ಬಿಸಿಲು, ಮೋಡ, ಸೈಕಲ್ಲುಗಳು ನೀರಿನಲ್ಲಿ ತೇಲಿದಂತೆ ಹಾದುಹೋಗುತ್ತಿದ್ದವು. ಬಿಪಿ ಏರುವುದು ಉಪ್ಪಿನಿಂದಲ್ಲ, ಔಷಧಿ ಅಂಗಡಿಯ ಬಿಲ್ಲಿನಿಂದ ಎಂಬುದು ಅವನ ಸಿದ್ಧಾಂತ. "ಸಕ್ಕರೆ ಇರೋದು ನನ್ನ ರಕ್ತದಲ್ಲಿ, ಇರುವೆ ಮುತ್ತಿರೋದು ಜೇಬಿಗೆ ಕಣೋ" ಎಂದು ನಗುತ್ತಿದ್ದ. ಗಂಡ ಹೆಂಡತಿ ಇಬ್ಬರಿಗೂ ಡಾಕ್ಟ್ರು ಬರೆದದ್ದು ಒಂದೇ ಬಗೆಯ ಬಿಪಿ ಮಾತ್ರೆ, ದಿನಕ್ಕೊಂದರಂತೆ. ಇಬ್ಬರಿಗೂ ಸಾಕಾಗುವಷ್ಟು ಕೊಳ್ಳಲು ಅಂಗಡಿಯ ಗಳಿಕೆ ಸಾಲುತ್ತಿರಲಿಲ್ಲ. ಹಾಗಾಗಿ ಹೆಂಡತಿಗೆ ಇಡೀ ಮಾತ್ರೆ ಕೊಟ್ಟು, ತನ್ನದನ್ನು ಗಾಜು ಕೊಯ್ಯುವಷ್ಟೇ ಗಮನದಿಂದ ಎರಡು ಮಾಡುತ್ತಿದ್ದ. ಒಂದರ್ಧವನ್ನು ನಾಳೆಗೆ ಎತ್ತಿಟ್ಟು, ಇನ್ನೊಂದರ ಕೊಯ್ದ ಅಂಚನ್ನು ಕನ್ನಡಿಗೆ ತಾಗಿಸಿಟ್ಟರೆ, ಅದು ತನ್ನ ಬಿಂಬದೊಡನೆ ಕೂಡಿ ಬೆಳ್ಳಗೆ, ದುಂಡಗೆ, ಇಡೀ ಮಾತ್ರೆಯಾಗಿಬಿಡುತ್ತಿತ್ತು. "ನೋಡು, ಡಾಕ್ಟ್ರು ಹೇಳಿದಷ್ಟೂ ಇದೆ!" ನಾನು ಬೈದರೆ, "ಮನೇಲಿ ಬಾಯಿ ಬಿಟ್ಟೀಯ, ಜೋಕೆ" ಎನ್ನುತ್ತಿದ್ದ. ಅದೇ ಬಿಪಿ ಅವನನ್ನು ಒಯ್ದ ಮೇಲೆ, ಅಂಗಡಿ ಖಾಲಿ ಮಾಡಲು ಅವನ ಹೆಂಡತಿಯ ಜೊತೆ ಹೋಗಿದ್ದೆ. ಮೇಜಿನ ಮೇಲಿನ ಕನ್ನಡಿಗೆ ತಾಗಿಕೊಂಡು ಒಂದು ಅರ್ಧ ಮಾತ್ರೆ ಹಾಗೇ ಇತ್ತು. "ಡಾಕ್ಟ್ರು ಅರ್ಧಕ್ಕೆ ಇಳಿಸಿದಾರೆ, ನಾನು ಹುಷಾರಾಗ್ತಿದೀನಿ ಅಂತ ಎಷ್ಟು ಕುಣಿದಾಡಿದ್ರು ಗೊತ್ತಾ" ಎಂದರು ಅತ್ತಿಗೆ. "ಹೌದು ಅತ್ತಿಗೆ, ನನಗೂ ಹೇಳಿದ್ದ" ಎಂದೆ, ಕನ್ನಡಿಯೊಳಗಿನ ಇನ್ನರ್ಧವನ್ನೇ ನೋಡುತ್ತ.