ಬ್ರೇಕಕ್ಕನ ಕಾರಿನಲ್ಲಿ ಕೋಳಿಗಳು ಗುಡ್ಡ ಹತ್ತಿದ್ದು

ಆ ಊರಿನಲ್ಲಿ ಕಾರು ಓಡಿಸುವ ಅರ್ಧಕ್ಕರ್ಧ ಜನರ ಕಿವಿಯಲ್ಲಿ ಇವತ್ತಿಗೂ ಒಬ್ಬ ಹೆಂಗಸಿನ ದನಿ ಮೊಳಗುತ್ತಿರುತ್ತದೆ: "ಬ್ರೇಕ್! ಬ್ರೇಕ್ ಒತ್ತಪ್ಪಾ, ಪುಣ್ಯ ಬರುತ್ತೆ!" ಡ್ರೈವಿಂಗ್ ಸ್ಕೂಲ್ ನಡೆಸುವ ಆಕೆಗೆ ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಊರಿಗೆ ಆಕೆ ಬ್ರೇಕಕ್ಕ. ಹಲ್ಲಿನ ಡಾಕ್ಟರಿಂದ ಹಿಡಿದು ಹೂವಿನಂಗಡಿಯವನವರೆಗೆ ಎಲ್ಲರೂ ಅವಳ ಪಕ್ಕದ ಸೀಟಿನಲ್ಲಿ ಬೆವರು ಸುರಿಸಿದವರೇ.

ಊರಿಗೆಲ್ಲ ಬ್ರೇಕ್ ಹಾಕಿಸುವ ಬ್ರೇಕಕ್ಕನಿಗೇ ಬ್ರೇಕ್ ಹಾಕುವವರು ಒಬ್ಬರಿದ್ದರು, ಅವಳ ಅತ್ತೆ. ಇವಳು ಕಿಟಕಿ ತೆರೆದರೆ ಅವರು ಮುಚ್ಚುವರು. ಇವಳು ಸಾರಿಗೆ ಉಪ್ಪು ಸಾಕೆಂದರೆ ಅವರು ಇನ್ನೊಂದು ಚಿಟಿಕೆ ಬೀಳಿಸುವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಸಂಸಾರ ನಡೆದಿತ್ತು. ಇಬ್ಬರ ನಡುವೆ ಸಿಕ್ಕಿಕೊಂಡ ಗಂಡ ಗುಡ್ಡದ ಮೇಲೆ ಬೇಕರಿ ಇಟ್ಟುಕೊಂಡಿದ್ದ. ಹೆಂಡತಿಗೂ ಹೂಂ, ಅಮ್ಮನಿಗೂ ಹೂಂ ಎಂದು, ಬೆಳಕು ಹರಿಯುವ ಮೊದಲೇ ಹಿಟ್ಟು ನಾದಲು ಹೊರಟುಬಿಡುತ್ತಿದ್ದ. ಬಿಸಿ ಒಲೆಯ ಮುಂದೆ ತನಗೆ ತಂಪಾಗಿರುತ್ತದೆ ಎಂದು ಗಿರಾಕಿಗಳ ಹತ್ತಿರ ಹೇಳುತ್ತಿದ್ದನಂತೆ.

ಅತ್ತೆ ಸೊಸೆ ಒಂದಾಗುತ್ತಿದ್ದುದು ಹಿತ್ತಲಲ್ಲಿ ಮಾತ್ರ. ಅಲ್ಲಿ ತಗಡು ಹೊದಿಸಿದ ಗೂಡಿನಲ್ಲಿ ಕೋಳಿಗಳಿದ್ದವು. ಕೆಂಪು ಜುಟ್ಟಿನ ಹುಂಜಕ್ಕೆ ಸಾಹೇಬ ಎಂದು ಹೆಸರು. ಕತ್ತೆತ್ತಿ ನಡೆಯುವ ಬಿಳಿ ಹೇಂಟೆ ಟೀಚರಮ್ಮ. ಮೊಟ್ಟೆ ಇಡುವ ಮೊದಲೇ ಓಣಿಗೆಲ್ಲ ಡಂಗುರ ಸಾರುವ ಚುಕ್ಕೆ ಕೋಳಿ ರೇಡಿಯೋ.

ನಿಜವಾದ ರೇಡಿಯೋದಲ್ಲಿ ಚಂಡಮಾರುತದ ಸುದ್ದಿ ಬಂದಾಗ ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಧ್ವನಿವರ್ಧಕ ಕಟ್ಟಿಕೊಂಡ ಜೀಪು ಓಣಿಗೆ ಬಂತು. ಗಾಳಿ ಸಂಜೆಗೆ ಅಪ್ಪಳಿಸಲಿದೆ, ಹೊಳೆ ಉಕ್ಕಲಿದೆ, ತಗ್ಗಿನ ಮನೆಯವರೆಲ್ಲ ಮಧ್ಯಾಹ್ನದೊಳಗೆ ಎತ್ತರದ ಜಾಗಕ್ಕೆ ಹೋಗಬೇಕು ಎಂದು ಸಾರಿತು. ಹೊಳೆಗೆ ಬೆನ್ನು ಕೊಟ್ಟು ಕೂತ ಬ್ರೇಕಕ್ಕನ ಮನೆಗಿಂತ ತಗ್ಗಿನ ಮನೆ ಆ ಓಣಿಯಲ್ಲಿ ಇರಲಿಲ್ಲ.

ಬ್ರೇಕಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹಾರುವಂಥದ್ದೆಲ್ಲ ಒಳಗೆ, ನೆನೆಯುವಂಥದ್ದೆಲ್ಲ ಮೇಲೆ. ಹೂಕುಂಡ, ಬಕೆಟ್ಟು, ಬಟ್ಟೆ ಒಣಹಾಕುವ ಹಗ್ಗ ಎಲ್ಲವೂ ಒಳಗೆ ಬಂದವು. ಅಕ್ಕಿ ಡಬ್ಬ, ಹಾಸಿಗೆ, ಸ್ಕೂಲಿನ ಕಾಗದಪತ್ರಗಳು ಅಟ್ಟ ಹತ್ತಿದವು. ಕುಡಿಯುವ ನೀರು ಕ್ಯಾನುಗಳಲ್ಲಿ ತುಂಬಿತು. ಅತ್ತೆಯ ಬಿ.ಪಿ. ಮಾತ್ರೆ, ಟಾರ್ಚು, ಬೆಂಕಿಪೆಟ್ಟಿಗೆ ಪ್ಲಾಸ್ಟಿಕ್ ಚೀಲದೊಳಗೆ ಗಂಟಾದವು. ವಿಚಿತ್ರವೆಂದರೆ ಅವಳಿಗೆ ಹೆದರಿಕೆಯೇ ಆಗುತ್ತಿರಲಿಲ್ಲ. ಗಾಳಿಗೆ ಸೀರೆ ಪಟಪಟ ಎಂದಾಗಲೆಲ್ಲ ಹೊಟ್ಟೆಯೊಳಗಿಂದ ನಗು ಉಕ್ಕಿ ಬರುತ್ತಿತ್ತು, ಶಾಲೆಗೆ ದಿಢೀರ್ ರಜೆ ಸಿಕ್ಕ ಹುಡುಗಿಗೆ ಬಂದ ಹಾಗೆ.

"ಗಾಳಿ ಬಂದಾಗ ತೂರ್ಕೋ ಅಂತಾರೆ, ನೀನು ಹಲ್ಲು ಕಿರೀತಿದ್ದೀಯಲ್ಲೇ!" ಎಂದರು ಅತ್ತೆ.

"ಇದು ತೂರೋ ಗಾಳಿ ಅಲ್ಲ ಅತ್ತೆ, ನಮ್ಮನ್ನೇ ಹಾರಿಸ್ಕೊಂಡು ಹೋಗೋ ಗಾಳಿ. ಗಟ್ಟಿ ನಿಂತ್ಕೊಳ್ಳಿ!"

ಕಿಟಕಿಗೆ ಹಲಗೆ ಹೊಡೆಯಲು ಏಣಿ ಹತ್ತಿದಳು. ಕೊನೆಯ ಮೊಳೆಗೆ ಸುತ್ತಿಗೆ ಎತ್ತಿದ್ದೇ ತಡ, ಸಾಹೇಬ ಹಾರಿ ಬಂದು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಕೊಕ್ಕೊಕ್ಕೋ ಎಂದ. ಬೆಚ್ಚಿಬಿದ್ದ ಬ್ರೇಕಕ್ಕ ಜಾರಿ, ನೇರವಾಗಿ ಗೂಡಿಗೆ ಹಾಸಲು ತಂದಿದ್ದ ಹೊಟ್ಟಿನ ರಾಶಿಯ ಮೇಲೆ ಕುಕ್ಕರಿಸಿದಳು. ಸೊಂಟ ಉಳಿಯಿತು, ಬಲಗಾಲಿನ ಹರಡು ಉಳುಕಿತು. ನೋಡನೋಡುತ್ತಿದ್ದಂತೆ ಅದು ಬನ್ನಿನ ಹಾಗೆ ಊದಿಕೊಂಡಿತು.

ಅಷ್ಟರಲ್ಲಿ ಗಂಡನ ಫೋನು ಬಂತು. ಶಾಲೆಯಲ್ಲಿ ಆಸರೆ ಪಡೆಯುವ ಜನರಿಗೆ ಬ್ರೆಡ್ಡು ಬೇಕೆಂದು ಹೇಳಿಕಳಿಸಿದ್ದಾರೆ, ಒಲೆ ಬಿಟ್ಟು ಬರುವ ಹಾಗಿಲ್ಲ, ನೀವೇ ಬೇಕರಿಗೆ ಬಂದುಬಿಡಿ, ಇಲ್ಲಿ ಕಲ್ಲಿನ ಗೋಡೆ ಎಂದ.

"ಕೋಳಿ?"

"ಕೋಳೀನಾ? ಇದು ಬೇಕರಿ ಕಣೇ!"

"ಹಿಂದೆ ಸೌದೆ ಕೋಣೆ ಇದೆಯಲ್ರೀ. ಬಾಗಿಲು ತೆಗೆದಿಡಿ."

ಅತ್ತೆ ಫೋನು ಕಸಿದುಕೊಂಡರು. "ಕೋಳಿ ಬರದಿದ್ರೆ ನಾನೂ ಬರಲ್ಲ ಕಣೋ. ಗೂಡಿನ ಮೇಲೇ ಕೂತಿರ್ತೀನಿ."

ಆ ಕಡೆಯಿಂದ ಎಂದಿನಂತೆ ಹೂಂ ಬಂತು.

ಕೋಳಿ ಹಿಡಿಯುವುದು ಬೇರೆಯೇ ಒಂದು ಪುರಾಣ. ಬ್ರೇಕಕ್ಕ ಕುಂಟುತ್ತ ಬೆನ್ನಟ್ಟಿದಳು. ರೇಡಿಯೋ ನುಗ್ಗೆಮರ ಹತ್ತಿತು, ಟೀಚರಮ್ಮ ಬಚ್ಚಲಿಗೆ ನುಗ್ಗಿ ಸೋಪು ಬೀಳಿಸಿತು. ಅತ್ತೆ ಸ್ವಲ್ಪ ಹೊತ್ತು ನೋಡಿ, "ಓಡಿಸಿದ್ರೆ ಓಡದೆ ಇನ್ನೇನು ಮಾಡ್ತಾವೆ? ನೀನು ಕೂತ್ಕೋ" ಎಂದು ಬಟ್ಟಲಲ್ಲಿ ನುಚ್ಚು ತಂದು, ಬಾ ಬಾ ಬಾ ಎನ್ನುತ್ತ ನೆಲಕ್ಕೆ ಚೆಲ್ಲಿದರು. ತಿನ್ನಲು ಬಗ್ಗಿದ್ದನ್ನು ಒಂದೊಂದಾಗಿ ಎರಡೂ ಕೈಯಲ್ಲಿ ರೆಕ್ಕೆ ಸೇರಿಸಿ ಎತ್ತಿ, ಗಂಡ ಮನೆಯಲ್ಲಿ ಬಿಟ್ಟಿದ್ದ ಬ್ರೆಡ್ಡಿನ ಕ್ರೇಟುಗಳಿಗೆ ಇಳಿಸಿ, ಮೇಲೆ ಹಳೆ ಸೀರೆ ಬಿಗಿದು ಕಟ್ಟಿದರು. ಕತ್ತಲಾಯಿತೆಂದುಕೊಂಡು ಕೋಳಿಗಳು ತೆಪ್ಪಗಾದವು. ಸಾಹೇಬ ಮಾತ್ರ ಯಾವ ಕ್ರೇಟಿಗೂ ಒಗ್ಗಲಿಲ್ಲ. ಅವನನ್ನು ಬ್ರೇಕಕ್ಕ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

ಕ್ರೇಟುಗಳು ಕಾರಿನ ಹಿಂದಿನ ಸೀಟು ತುಂಬಿದವು. ಬ್ರೇಕಕ್ಕ ಡ್ರೈವರ್ ಸೀಟಿನಲ್ಲಿ ಕೂತು ಬಲಗಾಲನ್ನು ಪೆಡಲಿಗೆ ಒತ್ತಿದಳು. ಕಣ್ಣಲ್ಲಿ ನಕ್ಷತ್ರ ಕಂಡವು. ಓಣಿಯವರೆಲ್ಲ ಆಗಲೇ ಹೋಗಿಯಾಗಿತ್ತು. ಮಳೆ ಅಡ್ಡಡ್ಡ ಬೀಳತೊಡಗಿತ್ತು.

"ಆ ಕಡೆ ಸರಿ," ಎಂದರು ಅತ್ತೆ.

"ಏನತ್ತೆ?"

"ಸರಿ ಅಂದ್ರೆ ಸರಿ. ನಾನು ಓಡಿಸ್ತೀನಿ."

"ನಿಮಗೆಲ್ಲಿ ಬರುತ್ತೆ!"

"ನೀನು ಜಗಲಿ ಮೇಲೆ ಕೂತು ಊರವರಿಗೆಲ್ಲ ಪಾಠ ಹೇಳ್ತೀಯಲ್ಲ, ನಾನು ಒಳಗೆ ತರಕಾರಿ ಹೆಚ್ಚುತ್ತಾ ಕಿವಿ ಮುಚ್ಕೊಂಡಿರ್ತೀನಾ? ಕ್ಲಚ್ಚು ಮೆಲ್ಲಗೆ ಬಿಡ್ಬೇಕು, ಕಣ್ಣು ದೂರ ಇಡ್ಬೇಕು, ಗಾಬರಿ ಆಗ್ಬಾರದು. ನನಗೂ ಬಾಯಿಪಾಠ ಆಗಿದೆ. ಒಂದು ದಿನ ನನ್ನನ್ನ ಕೇಳಿದ್ದೀಯಾ, ಅತ್ತೆ ನೀವೂ ಕಲೀತೀರಾ ಅಂತ?"

ನಿಜ, ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಬ್ರೇಕಕ್ಕ ಸಾಹೇಬನ ಸಮೇತ ಪಕ್ಕದ ಸೀಟಿಗೆ ಸರಿದಳು. ಪುಣ್ಯಕ್ಕೆ ಅದು ಕಲಿಸುವ ಕಾರು, ಆ ಕಡೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಅಲ್ಲೇ ಒಪ್ಪಂದವಾಯಿತು. ಸ್ಟಿಯರಿಂಗು, ಆಕ್ಸಿಲರೇಟರು ಅತ್ತೆಯದು. ಕ್ಲಚ್ಚು, ಬ್ರೇಕು, ಗೇರು ಸೊಸೆಯದು. ಸೊಸೆಗೆ ನೆಟ್ಟಗಿದ್ದದ್ದು ಎಡಗಾಲು ಒಂದೇ, ಅದು ಎರಡು ಪೆಡಲುಗಳ ನಡುವೆ ಕುಣಿಯಬೇಕು.

ಕಾರು ಮೊದಲು ಕಪ್ಪೆಯ ಹಾಗೆ ನೆಗೆಯಿತು. ಹಿಂದಿನಿಂದ ರೇಡಿಯೋ ಪ್ರಸಾರ ಶುರುಮಾಡಿತು. ಇನ್ನೊಮ್ಮೆ ನೆಗೆದು, ಗೇಟಿನ ಕಂಬವನ್ನು ಕೂದಲೆಳೆಯಲ್ಲಿ ತಪ್ಪಿಸಿ ಬೀದಿಗೆ ಇಳಿಯಿತು.

"ಎಡಕ್ಕೆ, ಎಡಕ್ಕೆ ಅತ್ತೆ!"

"ಎಡಕ್ಕೇ ತಿರುಗಿಸ್ತಿದ್ದೀನಿ, ಗಾಳಿ ಬಲಕ್ಕೆ ತಳ್ತಿದೆ. ಗಾಳಿಗೆ ಹೇಳು!"

ಯಾರದೋ ಮನೆಯ ಪ್ಲಾಸ್ಟಿಕ್ ಕುರ್ಚಿ ಗಾಲಿ ಇದ್ದ ಹಾಗೆ ರಸ್ತೆ ದಾಟಿ ಹೋಯಿತು. ಅದರ ಹಿಂದೆಯೇ ಒಂದು ಛತ್ರಿ ಒಂಟಿಯಾಗಿ ನಡೆದುಕೊಂಡು ಬಂತು. "ಬ್ರೇಕ್!" ಎಂದು ಕೂಗಿದವರು ಈ ಸಲ ಅತ್ತೆ. ಬ್ರೇಕಕ್ಕ ಅಭ್ಯಾಸಬಲದಿಂದ ತಾನೂ "ಬ್ರೇಕ್!" ಎಂದು ಅರಚಿ, ಒತ್ತಬೇಕಾದವಳು ತಾನೇ ಎಂದು ಆಮೇಲೆ ನೆನಪಾಗಿ ಒತ್ತಿದಳು. ಛತ್ರಿ ಬಾನೆಟ್ಟಿಗೆ ಒಂದು ಏಟು ಕೊಟ್ಟು ಮುಂದಕ್ಕೆ ಹೋಯಿತು. ಅತ್ತೆ ಸೊಸೆಯ ಮುಖ ನೋಡಿದರು, ಸೊಸೆ ಅತ್ತೆಯ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ನಗು ಒಡೆಯಿತು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಇಬ್ಬರೂ ಒಂದೇ ಮಾತಿಗೆ ನಕ್ಕದ್ದು ಬ್ರೇಕಕ್ಕನಿಗೆ ನೆನಪಿರಲಿಲ್ಲ. ನಗುವ ಭರದಲ್ಲಿ ಕ್ಲಚ್ಚು ತಪ್ಪಿ ಇಂಜಿನ್ನು ಆಫ್ ಆಯಿತು.

ಗುಡ್ಡದ ಏರಿನಲ್ಲಿ ನೀರು ಎದುರಿಗೆ ಹರಿದು ಬರುತ್ತಿತ್ತು. ಬ್ರೇಕಕ್ಕನ ನಗು ಅಲ್ಲಿ ನಿಂತಿತು. ಇಲ್ಲಿ ನಿಂತರೆ ಕಾರು ಹಿಂದಕ್ಕೆ ಜಾರುವುದು ಖಂಡಿತ. "ಫಸ್ಟ್ ಗೇರಲ್ಲೇ ಹೋಗೋಣ. ಏನೇ ಆದ್ರೂ ಆಕ್ಸಿಲರೇಟರ್ ಬಿಡ್ಬೇಡಿ ಅತ್ತೆ" ಎಂದು, ಎಂದೂ ಯಾವ ಶಿಷ್ಯನಿಗೂ ಹೇಳದಷ್ಟು ಮೆಲ್ಲಗೆ ಹೇಳಿದಳು. ಅತ್ತೆ ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದು, ಮುಂದೆ ಬಾಗಿ, ತುಟಿ ಬಿಗಿದು ಕೂತಿದ್ದರು. ಅವರ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ಕಾರು ಗೊರಗೊರ ಎನ್ನುತ್ತ ಏರಿತು. ಸಾಹೇಬ ಟವೆಲಿನಿಂದ ತಲೆ ಹೊರಹಾಕಿ ಗಾಜಿನಾಚೆ ನೋಡಿ, ಮತ್ತೆ ಒಳಕ್ಕೆ ಎಳೆದುಕೊಂಡ.

ಬೇಕರಿಯ ಬಾಗಿಲಲ್ಲಿ ಮೈಯೆಲ್ಲ ಹಿಟ್ಟಾಗಿ ನಿಂತಿದ್ದ ಗಂಡ, ಕಾರಿನಿಂದ ಇಳಿದ ಡ್ರೈವರನ್ನು ನೋಡಿ ಹೂಂ ಎನ್ನುವುದನ್ನೂ ಮರೆತ.

"ಅಮ್ಮಾ! ನೀನಾ?"

"ನಾನಲ್ದೆ ನಿಮ್ಮಪ್ಪನಾ? ಬಾಯಿ ಮುಚ್ಚಿ ಕ್ರೇಟ್ ಇಳಿಸು. ಒಲೆ ಪಕ್ಕ ಇಡಬೇಡ, ಬೆಂದು ಹೋದಾವು!"

ಅಂದು ಸಂಜೆ ಗಾಳಿ ಬಂದದ್ದು ಹೌದು. ಹೊರಗೆ ಲೋಕವೇ ಕಿತ್ತುಹೋಗುವ ಹಾಗೆ ಬೊಬ್ಬೆಯಿಟ್ಟಿತು. ಒಳಗೆ ಕರೆಂಟಿಲ್ಲದ ಬೇಕರಿಯಲ್ಲಿ, ಒಲೆಯ ಕೆಂಪು ಬೆಳಕಿನಲ್ಲಿ ಅತ್ತೆ ಬ್ರೆಡ್ಡು ಎಣ್ಣೆ ಕಾಗದದಲ್ಲಿ ಸುತ್ತುತ್ತಿದ್ದರು, ಬ್ರೇಕಕ್ಕ ಕಾಲನ್ನು ಹಿಟ್ಟಿನ ಮೂಟೆಯ ಮೇಲೆ ಇಟ್ಟುಕೊಂಡು ಚೀಲಕ್ಕೆ ತುಂಬುತ್ತಿದ್ದಳು. ತಾನು ಏರಿನಲ್ಲಿ ಗೇರು ಹೇಗೆ ಹಾಕಿದೆ ಎಂದು ಅತ್ತೆ ಮಗನಿಗೆ ವರ್ಣಿಸುತ್ತಿದ್ದರು. ಗೇರು ಹಾಕಿದವಳು ತಾನು ಎಂದು ಹೇಳಹೊರಟ ಬ್ರೇಕಕ್ಕ, ಅದನ್ನು ಬಿಟ್ಟು ಇನ್ನೊಂದು ಬ್ರೆಡ್ಡನ್ನು ಚೀಲಕ್ಕೆ ಹಾಕಿದಳು.

ಮರುದಿನ ಗಾಳಿ ಇಳಿದ ಮೇಲೆ ಮೂವರೂ ಕೋಳಿಗಳ ಸಮೇತ ಮನೆಗೆ ಬಂದರು. ಗಂಡ ಓಡಿಸಿದ. ಅತ್ತೆ ದಾರಿಯುದ್ದಕ್ಕೂ ಅವನ ತಪ್ಪು ಹಿಡಿಯುತ್ತಿದ್ದರು. ಹಲಗೆ ಹೊಡೆದ ಕಿಟಕಿಗಳು ನೆಟ್ಟಗಿದ್ದವು. ಒಳಗೆ ಮೊಣಕಾಲವರೆಗೆ ನೀರು ನಿಂತು ಹೋದ ಗೆರೆ, ನೆಲದ ತುಂಬ ಕೆಸರು. ನುಗ್ಗೆಮರ ಬುಡಸಮೇತ ಮಲಗಿತ್ತು. ಗೂಡು ಇದ್ದ ಜಾಗದಲ್ಲಿ ಗೂಡಿರಲಿಲ್ಲ. ತಗಡು ಎಲ್ಲಿ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ.

ಅತ್ತೆ ಹಿತ್ತಲಲ್ಲಿ ಕ್ರೇಟುಗಳ ಸೀರೆ ಬಿಚ್ಚಿದರು. ಕೋಳಿಗಳು ಒಂದೊಂದಾಗಿ ಹೊರಗೆ ಬಂದು, ಹೊಳೆ ತಂದು ಹಾಕಿದ ಹೊಸ ಕೆಸರಿನ ಮುಂದೆ ನಿಂತು ಒಂದು ಗಳಿಗೆ ದಂಗಾದವು. ಕಾಲಿಟ್ಟಲ್ಲೆಲ್ಲ ಎರೆಹುಳ! ಟೀಚರಮ್ಮ ಗತ್ತನ್ನೆಲ್ಲ ಬಿಟ್ಟು ಹೊಟ್ಟೆಯವರೆಗೆ ಕೆಸರಾಗಿ ಕೆದಕತೊಡಗಿತು. ಸಾಹೇಬ ಬಿದ್ದ ಮರದ ಮೇಲೆ ಹತ್ತಿ, ಈ ಹಬ್ಬದೂಟ ಹಾಕಿಸಿದವನು ತಾನೇ ಎಂಬಂತೆ ಕೂಗಿದ.

"ನೋಡೇ," ಎಂದರು ಅತ್ತೆ, ಪೊರಕೆ ಎತ್ತಿಕೊಳ್ಳುತ್ತ, "ನಮಗೆ ಗೋಳು, ಅವಕ್ಕೆ ಹೋಳಿಗೆ."

"ಅತ್ತೆ, ಆ ಪೊರಕೆ ಬೇಡ, ಸಲಿಕೆ ತಗೊಳ್ಳಿ."

"ಪೊರಕೆಯೇ ಸರಿ."

ಬ್ರೇಕಕ್ಕ ಸಲಿಕೆ ಹಿಡಿದು ಕುಂಟುತ್ತ ಮನೆಯ ಒಂದು ಮೂಲೆಯಿಂದ ಶುರುಮಾಡಿದಳು, ಅತ್ತೆ ಪೊರಕೆ ಹಿಡಿದು ಎದುರಿನ ಮೂಲೆಯಿಂದ. ಕೆಸರು ನಡುಮನೆಯಲ್ಲಿ ಗುಡ್ಡೆಯಾಗಿ ಬೆಳೆಯಿತು. ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿದರು. ಆಮೇಲೆ ಗಂಡನನ್ನು ಕೂಗಿ ಕರೆದರು, ಒಟ್ಟಿಗೇ.