ಬೆಳಗಿನ ಗುಳಿಗೆ

ಎರಡು ವರ್ಷ ಸಮಾಜಕಾರ್ಯ ಓದಿ ನಾನು ಕಲಿತದ್ದು ಒಂದೇ ವಿದ್ಯೆ: ತಲೆಯನ್ನು ಸ್ವಲ್ಪ ಓರೆ ಮಾಡಿ 'ಹೂಂ, ಹೇಳಿ' ಎನ್ನುವುದು. ಆ ಬಲದ ಮೇಲೆ ಬೈಂದೂರು ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ, ಡಾಕ್ಟರ ಕೋಣೆಯ ಪಕ್ಕ ನನಗೊಂದು ಮೇಜು ಹಾಕಿಕೊಟ್ಟಿದ್ದರು. ವಯಸ್ಸಾದವರ ಕಾಯಿಲೆ ಅವರು ನೋಡಬೇಕು, ಕಷ್ಟಸುಖ ನಾನು ನೋಡಬೇಕು.

ಮೀನು ಮಾರುವ ಅಜ್ಜಿಯೊಬ್ಬರು ಬರುತ್ತಿದ್ದರು. ಗುಳಿಗೆ ಎಷ್ಟು ಕೊಟ್ಟರೂ ಬಿಪಿ ಇಳಿಯದು. "ಹೀಗೇ ಆದರೆ ಒಂದು ದಿನ ಕೈಕಾಲು ಬಿದ್ದುಹೋಗುತ್ತದೆ. ಕಾರಣ ಏನು, ನೀವೇ ವಿಚಾರಿಸಿ" ಎಂದು ಡಾಕ್ಟರು ಅವರನ್ನು ನನ್ನ ಮೇಜಿಗೆ ಕಳಿಸಿದರು. ಮುಖ ನೋಡಿದ ಕೂಡಲೇ ನನಗೆ ಕಾರಣ ಹೊಳೆಯಿತು: ಒಂಟಿತನ. ನಮ್ಮ ಫಾರಮ್ಮಿನಲ್ಲಿ ಅದೇ ಮೊದಲನೆಯ ಪ್ರಶ್ನೆ.

"ಮನಿಯಗೆ ಎಂಟ್ ಜನ. ಒಂಟಿ ಆಪುಕೆ ಜಾಗ ಎಲ್ಲಿತ್ತ್?" ಎಂದರು ಅಜ್ಜಿ.

ಬಿಟ್ಟೇನೇ ನಾನು? ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆಯಲು ಕಲಿಸಿದೆ. ದಿನಕ್ಕೆ ಎಂಟು ಲೋಟ ನೀರು ಕುಡಿಯಬೇಕೆಂದು ಬುದ್ಧಿ ಹೇಳಿದೆ. ಗುಳಿಗೆ ತಿನ್ನುತ್ತೀರಲ್ಲ ಎಂದಾಗ ಅವರು ಗೋಣು ಆಡಿಸಿದರು, ನಾನು ಸರಿ ಗುರುತು ಹಾಕಿದೆ. ಮುಂದಿನ ತಿಂಗಳು ಬಿಪಿ ಇನ್ನೂ ಮೇಲೆ.

ಮನೆಗೇ ಹೋಗಿ ನೋಡೋಣವೆಂದು ಒಂದು ಬೆಳಿಗ್ಗೆ ನಾನಿರುವ ಕೋಟೇಶ್ವರದಲ್ಲಿ ಬಸ್ಸು ಹತ್ತಿದೆ. ಎಂಟು ಲೋಟದ ಉಪದೇಶಕಿಯಲ್ಲವೇ, ದಾರಿಯಲ್ಲೇ ಒಂದು ಬಾಟಲಿ ನೀರು ಖಾಲಿ ಮಾಡಿದೆ. ಮನೆಯಲ್ಲಿ ಸೊಸೆ ಚಾ ಕೊಟ್ಟು, ಅತ್ತೆ ಮಾರುಕಟ್ಟೆಯಲ್ಲಿದ್ದಾರೆ ಎಂದಳು. ಅಲ್ಲಿಗೂ ಹೋದೆ. ಅಜ್ಜಿ ಬಂಗುಡೆಯ ಬುಟ್ಟಿ ಬದಿಗೆ ಸರಿಸಿ, ನನ್ನನ್ನು ಕೂರಿಸಿ, ಎಳನೀರು ಕುಡಿಸಿದರು. ಫಾರಮ್ಮು ತೆಗೆದೆ. ಎರಡನೆಯ ಪ್ರಶ್ನೆ ಮುಗಿಯುವುದರೊಳಗೆ ತಡೆಯಲಾಗಲಿಲ್ಲ. ಬಗ್ಗಿ ಅಜ್ಜಿಯ ಕಿವಿಯಲ್ಲಿ, "ಇಲ್ಲಿ ಒಂದಕ್ಕೆ ಹೋಗುವುದು ಎಲ್ಲಿ?" ಎಂದೆ.

ಅಜ್ಜಿಯ ನಗು ನಿಲ್ಲಲೇ ಇಲ್ಲ. "ಅದೇ ಮರಾಯ್ತಿ! ಇಲ್ಲ್ ಎಲ್ಲಿತ್ತ್? ನಿಮ್ಮ್ ಬೆಳ್ಗಿನ್ ಗುಳ್ಗಿ ತಿಂದ್ರೆ ಗಳ್ಗಿಗೊಂದ್ ಸಲ ಹೋಯ್ಕ್. ಮೀನ್ ಬಿಟ್ಟಿಕ್ಕಿ ಎಲ್ಲಿಗ್ ಹೋಪೂದ್? ಅದ್ಕೇ ನಾನ್ ತಿಂಬುದೇ ಇಲ್ಲೆ."

"ಡಾಕ್ಟರ ಹತ್ತಿರ ಯಾಕೆ ಹೇಳಲಿಲ್ಲ?"

"ಗಂಡ್ಸಿನ್ ಹತ್ರ ಅದ್ನ ಹೇಳುಕಾತ್ತಾ?"

"ನನ್ನ ಹತ್ತಿರ ಹೇಳಬಹುದಿತ್ತಲ್ಲ?"

"ನೀವ್ ಕೇಂಡ್ರೆ ಅಲ್ದಾ? ಕಣ್ಣ್ ಮುಚ್ಚ್ ಅಂದ್ರಿ, ಮುಚ್ದೆ."

ನಾನೆಂಥ ಅಳಲೆಕಾಯಿ ಪಂಡಿತೆ ಎಂದು ನಾಚಿಕೆಯಾಯಿತು. ಅಜ್ಜಿಯ ಕೈಕಾಲು ಬಿದ್ದುಹೋಗುವುದರಲ್ಲಿದ್ದಾಗ ನಾನು ಸರಿ ಗುರುತು ಹಾಕುತ್ತಾ ಕೂತಿದ್ದೆ. ಆದರೆ ಆಗ ನಾಚಿಕೆಗಿಂತ ಅವಸರ ಹೆಚ್ಚಾಗಿತ್ತು. ಅಜ್ಜಿಯೇ ನನ್ನನ್ನು ರಿಕ್ಷಾ ಹತ್ತಿಸಿ ತಮ್ಮ ಮನೆಗೆ ಓಡಿಸಿದರು. ಆ ದಾರಿಯ ಒಂದೊಂದು ಹೊಂಡವೂ ನನಗೆ ಇವತ್ತಿಗೂ ನೆನಪಿದೆ.

ವಿಷಯ ಕೇಳಿದ ಡಾಕ್ಟರು ಆ ಗುಳಿಗೆಯನ್ನು ಅಜ್ಜಿ ಮನೆ ಸೇರುವ ಮಧ್ಯಾಹ್ನದ ಹೊತ್ತಿಗೆ ಬದಲಿಸಿದರು. ಎರಡು ತಿಂಗಳಲ್ಲಿ ಬಿಪಿ ಇಳಿಯಿತು.

ಅದು ಇಳಿದ ದಿನ ಬೆಂಚಿನಲ್ಲಿ ಮೀನು ಮಾರುವ ಇನ್ನೊಬ್ಬ ಹೆಂಗಸು ನನ್ನ ಮೇಜಿಗೆ ಬರಲು ಹಿಂಜರಿಯುತ್ತಿದ್ದರು. ನಾನು ತಲೆ ಓರೆ ಮಾಡುವ ಮೊದಲೇ ಅಜ್ಜಿ ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿದರು: "ಹ್ವಾಯ್, ಹೋಯ್ ಹೇಳ್, ನಾಚ್ಕಿ ಎಂತಕ್ಕೆ? ಈ ಹೆಣ್ಣಿಗೂ ನಮ್ಮಂಗೇ ತಡ್ಕಂಬುಕೆ ಆತಿಲ್ಲೆ!"